ಹಿಂದಿನಿಂದ ಬರುವ ದನಿ

ಮಾರ್ಚ್ ೯, ಭಾನುವಾರ

ನನ್ನ ಮುದ್ದು ಮಿಡತೆಗೆ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಬೈದುಕೋ, ಬೈಸಿಕೊಳ್ಳಬೇಕಾದವಳೇ ನಾನು. ಹೋಟೆಲೊಂದಕ್ಕೆ ನೂರಾ ನಲವತ್ತು ಪರದೆ ಹೊಲಿಯುವ ಕೆಲಸ ಬಂದಿತ್ತು ಎಂಬುದು ನಿಜ. ಎರಡು ಸಲ ಬರೆದು ಹರಿದು ಹಾಕಿದೆ ಎಂಬುದೂ ನಿಜ. ಅಮ್ಮ ಚೆನ್ನಾಗಿದ್ದಾಳೆ. ಕನ್ನಡಕವನ್ನು ತಲೆಯ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾಳೆ, ಸಿಕ್ಕ ಮೇಲೆ ನನ್ನನ್ನು ಬೈಯುತ್ತಾಳೆ.

ನಿನ್ನ ಕಾಗದವನ್ನು ಅವಳಿಗೆ ಪೂರ್ತಿ ಓದಿ ಹೇಳಲಿಲ್ಲ. ಕ್ರೇನ್ ಪರೀಕ್ಷೆಯಲ್ಲಿ ಎರಡನೇ ಸಲವೂ ನಪಾಸಾದೆ, ಉಳಿದಿರುವುದು ಒಂದೇ ಅವಕಾಶ, ಅದಕ್ಕೂ ಹೋಗುವುದಿಲ್ಲ ಎಂದು ಬರೆದಿದ್ದೀಯ. ಆರು ವರ್ಷ ಕೆಳಗೆ ನಿಂತು ಭಾರಕ್ಕೆ ಕೊಕ್ಕೆ ಸಿಗಿಸಿದವಳು, ಮೇಲಿನ ಆ ಗಾಜಿನ ಗೂಡಿನಲ್ಲಿ ಕೂತೇ ತೀರುತ್ತೇನೆ ಎಂದು ಹಟ ಹಿಡಿದವಳು ನೀನು! ಪರೀಕ್ಷಕರು ಅಂದದ್ದನ್ನೂ ಬರೆದಿದ್ದೀಯ: "ನಿನ್ನ ಕೈ ಚೆನ್ನಾಗಿದೆಯಮ್ಮ. ಆದ್ರೆ ಗೋಡೆ ಆಚೆ ಭಾರ ಇಳಿಸೋವಾಗ ಕೆಳಗಿನವನು ವೈರ್‌ಲೆಸ್‌ನಲ್ಲಿ ಹೇಳಿದ್ದನ್ನ ಕೇಳಿ ಇಳಿಸ್ಬೇಕು. ನೀನು ಅವನ ಮಾತು ನಂಬದೆ ಬಗ್ಗಿ ಬಗ್ಗಿ ನೋಡ್ತೀಯ, ಭಾರ ತೂಗಾಡುತ್ತೆ." ಕೊನೇ ಗಳಿಗೆಯಲ್ಲಿ ಎಡವುವುದೇ ನನ್ನ ಹಣೆಬರಹ ಎಂದು ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ.

ನಮ್ಮ ಶಾಲೆಯ ಪೀಪಿ ಮೇಷ್ಟ್ರನ್ನು ನೆನಪಿಸಿಕೋ. ಕೊರಳಲ್ಲಿ ಸದಾ ಪೀಪಿ, ಬಾಯಲ್ಲಿ ಸದಾ ಬೈಗುಳ. ರಿಲೇ ಓಟದಲ್ಲಿ ನಾನು ಮೂರನೆಯವಳು, ನೀನು ಕೊನೆಯವಳು. "ಕೋಲು ಕೈಗೆ ಬಂದ್ಮೇಲೆ ಓಡೋದಲ್ಲ, ಬರೋಕೆ ಮುಂಚೇನೇ ಓಡು" ಎಂದು ನನಗೆ ಅನ್ನುತ್ತಿದ್ದರು. ಆ ಮಾತು ಹಿಡಿದೇ ನಾನು ಅಂಗಡಿಯಲ್ಲಿ ಬರೀ ಅಂಚು ಹೊಲಿಯುತ್ತಿದ್ದಾಗಲೇ ಬಟ್ಟೆ ಕತ್ತರಿಸುವುದನ್ನು ಕಲಿತೆ. ಕಟಿಂಗ್ ಮಾಸ್ತರು ಕೆಲಸ ಬಿಟ್ಟ ದಿನ ಕತ್ತರಿ ನನ್ನ ಕೈಗೆ ಬಂತು. ನಿನಗೆ ಹೇಳುತ್ತಿದ್ದ ಮಾತು ಬೇರೆ: "ಹಿಂದೆ ನೋಡ್ಬೇಡ. ಅಕ್ಕ 'ಹಿಡಿ' ಅಂತಾಳೆ, ಆಗ ಕೈ ಹಿಂದಕ್ಕೆ ಚಾಚು, ಅಷ್ಟೆ." ಅಮ್ಮನ ಲಟ್ಟಣಿಗೆ ಕದ್ದು ಮನೆಯ ಹಿಂದಿನ ಓಣಿಯಲ್ಲಿ ಎಷ್ಟು ಸಂಜೆ ಓಡಿದೆವು! ಒಂದು ದಿನವೂ ನೀನು ತಿರುಗಿ ನೋಡಲಿಲ್ಲ.

ಹದಿನೇಳನೇ ತಾರೀಖು ಪರೀಕ್ಷೆಗೆ ಹೋಗು. ಕೆಳಗಿನವನ ದನಿಗೆ ಕಿವಿಗೊಡು. ಅವನು ಇಳಿಸು ಅಂದರೆ ಇಳಿಸು, ನಿಲ್ಲಿಸು ಅಂದರೆ ನಿಲ್ಲಿಸು. ಅವನು ನಿನಗೆ ಕೈಕೊಡುವುದಿಲ್ಲ.

ಎಷ್ಟು ಎತ್ತರದಲ್ಲಿದ್ದರೂ ಕ್ಷೇಮವಾಗಿರು, ತಾಯಿ.

ನಿನ್ನ ಅಕ್ಕ

ವಿ.ಸೂ.: ಇದು ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಆ ರಿಲೇ ಫೈನಲ್‌ನಲ್ಲಿ ಕೋಲು ಬಿದ್ದಾಗ ಎಲ್ಲರೂ ನಿನ್ನನ್ನೇ ಅಂದರು: "ತಿರುಗಿ ನೋಡಿದ್ಲು, ಎಲ್ಲಾ ಕೆಡಿಸಿದ್ಲು." ನೀನೂ ಅದನ್ನೇ ನಂಬಿದೆ, ಮತ್ತೆ ಓಡಲೇ ಇಲ್ಲ. ಯಾಕೆ ತಿರುಗಿದೆ ಎಂದು ಯಾರೂ ಕೇಳಲಿಲ್ಲ. ನಾನು "ಹಿಡಿ" ಅನ್ನಲೇ ಇಲ್ಲ ಕಣೇ. ಅದುವರೆಗೆ ಗೆಲುವಿನ ಗೆರೆ ದಾಟುವ ಕೊನೆಯವಳ ಜಾಗ ನನ್ನದಾಗಿತ್ತು, ಆ ವರ್ಷ ಮೇಷ್ಟ್ರು ಅದನ್ನು ನಿನಗೆ ಕೊಟ್ಟಿದ್ದರು. ನಿನ್ನ ಹತ್ತಿರ ಬಂದಾಗ ಕೂಗಲು ಬಾಯಿ ತೆರೆದೆ, ಹೊಟ್ಟೆ ಉರಿಯಿತು, ಬಾಯಿ ಮುಚ್ಚಿದೆ. ಉಸಿರು ಸಾಲಲಿಲ್ಲ ಎಂದು ಇಪ್ಪತ್ತೆರಡು ವರ್ಷ ನನಗೇ ಸುಳ್ಳು ಹೇಳಿಕೊಂಡೆ. ಉಸಿರಿತ್ತು.

ಬೆಳಿಗ್ಗೆ ಅಮ್ಮನಿಗೆ ಇದನ್ನು ಹೇಳಿದೆ. ಕನ್ನಡಕ ತೆಗೆದಿಟ್ಟು, "ನಂಗ್ಯಾಕೆ ಹೇಳ್ತೀಯ? ಅವಳಿಗೆ ಹೇಳು" ಅಂದಳು. ಹೇಳಿದ್ದೇನೆ. ಕ್ಷಮಿಸುವುದು, ಬಿಡುವುದು ನಿನಗೆ ಸೇರಿದ್ದು. ಆ ದಿನ ನೀನು ಎಡವಲಿಲ್ಲ, ಮಿಡತೆ. ನನ್ನ ದನಿಗಾಗಿ ಕಾಯುತ್ತಿದ್ದೆ.