ನೀನು ಉಜ್ಜಿದ ನೆಲ

ತಮ್ಮಾ ಅನ್ಸೆಲ್ಮ್,

ಸ್ವರ್ಗದಲ್ಲಿ ಅಮ್ಮ, ಬ್ಲಾಂಶ್ ಅತ್ತೆ ಸೌಖ್ಯವೇ? ನಿನ್ನ ಮಂಡಿನೋವು ಈಗಲಾದರೂ ಬಿಟ್ಟಿತೇ?

ಇವತ್ತು ಫೊಂತೆನ್‌ಬ್ಲೋ ಅರಮನೆಯ ಒಳಗೆ ಹೋಗಿದ್ದೆ. ನಗಬೇಡ. ಎಪ್ಪತ್ತು ವರ್ಷದಿಂದ ಊರವರೆಲ್ಲರ ಹಾಗೆ ಅರಮನೆಯ ಕೊಳದ ಮೀನಿಗೆ ಒಣಗಿದ ಬ್ರೆಡ್ಡು ಹಾಕಿ ಹೊರಗಿಂದಲೇ ವಾಪಸಾಗುತ್ತಿದ್ದವಳು ನಾನು. ನೀನು ಕರೆದಾಗಲೆಲ್ಲ ನಾನು "ನೆಲ ನೋಡೋಕೆ ಯಾರು ಬರ್ತಾರೆ ಕಣೋ?" ಅನ್ನುತ್ತಿದ್ದೆ.

ನೃತ್ಯದ ಸಭಾಂಗಣದಲ್ಲಿ ಎಲ್ಲರೂ ಚಾವಣಿ ನೋಡುತ್ತಿದ್ದರು, ನಾನು ಬಗ್ಗಿ ನೆಲ ನೋಡುತ್ತಿದ್ದೆ.

"ಏನಾದ್ರೂ ಬಿತ್ತಾ ಅಜ್ಜಿ?" ಎಂದ ಕಾವಲುಗಾರ.

"ಇಲ್ಲಪ್ಪ. ಮೂವತ್ತು ವರ್ಷ ಇದಕ್ಕೆ ಮೇಣ ಹಚ್ಚಿ ಉಜ್ಜಿದವನು ನನ್ನ ತಮ್ಮ."

"ಅನ್ಸೆಲ್ಮಣ್ಣನ ಅಕ್ಕನಾ? ಬಾಗಿಲು ಹಾಕಿದ್ಮೇಲೆ ಅವರು ಕಾಲುಚೀಲದಲ್ಲೇ ಜಾರ್ತಿದ್ರು. ಬೂಟು ಬಿಚ್ಚಿ, ನಾನು ನೋಡಲ್ಲ."

ಜಾರಿದೆ ಕಣೋ, ಚಿಕ್ಕಂದಿನಲ್ಲಿ ನಾವು ಅಡುಗೆಮನೆಯಲ್ಲಿ ಜಾರುತ್ತಿದ್ದ ಹಾಗೆ, ಪೂರ್ತಿ ಎರಡು ಮಾರು. ನೀನು ಎಷ್ಟು ದೂರ ಹೋಗುತ್ತಿದ್ದೆ ಅಂತ ಅವನಿಗೆ ನೆನಪಿಲ್ಲವಂತೆ. ನೀನು ನನಗೆ ಹೇಳಿದ್ದೆ, ನಾನು ಕೇಳಿಸಿಕೊಂಡಿರಲಿಲ್ಲ. ಬೇಗ ಬರೆದು ತಿಳಿಸು.

ನಿನ್ನ ಅಕ್ಕ,
ಒದೆತ್