ಮೂರು ಜನಕ್ಕೆ ಸಾಕಾಗುವ ಕಾರು

ಬೂದಿಗೆರೆ
ಮಂಗಳವಾರ, 18-11-2025

ಚಿ. ಸೌ. ವಾಣಿಶ್ರೀಗೆ ಅಕ್ಕ ಪ್ರಮೋದಾ ಮಾಡುವ ಆಶೀರ್ವಾದ.

ಕಾಗದವನ್ನು ಹೀಗೆ ಶುರು ಮಾಡಬೇಕೆಂದು ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ, ಅದಕ್ಕೇ ಬರೆದೆ. ಆಶೀರ್ವಾದ ಮನಸ್ಸಿನಿಂದ ಬಂತೋ ಬರೀ ಪೆನ್ನಿನಿಂದ ಬಂತೋ ಕೇಳಬೇಡ. ಇಲ್ಲಿ ರೇಷ್ಮೆಹುಳು ಕ್ಷೇಮ, ಹಸು ಕ್ಷೇಮ, ಅತ್ತೆಯ ಮಂಡಿನೋವು ಎಂದಿನಂತೆ ಇದೆ. ಫೋನು ಇರುವಾಗ ಅಕ್ಕನಿಗೆ ಇದೇನು ಬಂತು ಅಂದುಕೊಳ್ಳುತ್ತೀಯ. ಫೋನಿನಲ್ಲಾದರೆ ನೀನು ಮೊದಲು ಅಳುತ್ತೀಯ. ಆಮೇಲೆ ನಾನೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಕೊನೆಗೆ ತಪ್ಪೆಲ್ಲ ನನ್ನದೇ ಎನ್ನುವ ಹಾಗೆ ಫೋನು ಇಡುತ್ತೇನೆ. ಚಿಕ್ಕಂದಿನಿಂದ ನಡೆದುಕೊಂಡು ಬಂದದ್ದೇ ಇದು. ಈ ಸಲ ನನಗೆ ಹೇಳುವುದನ್ನು ಪೂರ್ತಿ ಹೇಳಬೇಕಾಗಿದೆ.

ಭಾನುವಾರ ಹೊಸ ಮನೆಯಲ್ಲಿ ಸತ್ಯನಾರಾಯಣ ಪೂಜೆ, ನೀನೇ ಮುಂದೆ ನಿಂತು ಮಾಡಿಸಬೇಕು ಎಂದು ನಿನ್ನೆ ಕರೆದೆಯಲ್ಲ, ಅದಕ್ಕೆ ಈ ಕಾಗದವೇ ಉತ್ತರ.

ಕಾರಿನಿಂದಲೇ ಶುರು ಮಾಡುತ್ತೇನೆ. ವಿಜಯಪುರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿಗೆ ಒಳ್ಳೆ ಬೆಲೆ ಸಿಕ್ಕಿದ ಖುಷಿಯಲ್ಲಿ, ಮನೆಗೊಂದು ಕಾರು ತರೋಣ ಎಂದವನು ನಿನ್ನ ಗಂಡ ಗುರು. ನಿಮ್ಮ ಭಾವ ಎಂದಿನಂತೆ ಗೊಣಗಿ ಆಮೇಲೆ ಒಪ್ಪಿದರು. ಯಾವ ಕಾರು ಎನ್ನುವ ಮಾತು ಬಂದಾಗ ಅತ್ತೆ, "ಮಗೀನ ಕರ್ಕೊಂಡು ಓಡಾಡೋರು ನೀವಿಬ್ರು, ನೀವೇ ನೋಡ್ಕೊಂಡ್ ಬನ್ರಮ್ಮ" ಎಂದರು. ನನಗೆ ಎಷ್ಟು ಹಿಗ್ಗಾಯಿತು ಗೊತ್ತಾ? ಈ ಮನೆಗೆ ಸೊಸೆಯಾಗಿ ಬಂದಮೇಲೆ ಒಂದು ಕುಕ್ಕರ್ ಆರಿಸಿದ್ದು ಬಿಟ್ಟರೆ ನನ್ನನ್ನು ಯಾರೂ ಏನನ್ನೂ ಆರಿಸು ಎಂದವರಲ್ಲ. ಹೌದು, ಇನ್ನೊಂದನ್ನು ಆರಿಸಿದ್ದೆ. ಮೈದುನ ಗುರುವಿಗೆ ಹೆಣ್ಣು ನೋಡುವಾಗ, ನನ್ನ ತಂಗಿಯನ್ನೇ ತನ್ನಿ ಎಂದು ಅತ್ತೆಯ ಹಿಂದೆ ಬಿದ್ದು ನಿನ್ನನ್ನು ತಂದವಳು ನಾನೇ.

ದೇವನಹಳ್ಳಿ ರಸ್ತೆಯಲ್ಲಿ ಬೂದು ಬಣ್ಣದ್ದನ್ನು ನೋಡಿದೆವು, ಹೊಸಕೋಟೆಯಲ್ಲಿ ಕೆಂಪನೆಯದನ್ನು. ಎರಡೂ ಒಂದೇ ಮನೆತನದ ಕಂಪನಿಗಳು. ಇಂಜಿನ್ ಒಂದೇ, ಉದ್ದ ಅಗಲ ಒಂದೇ, ಬಾಗಿಲು ಹಾಕಿದಾಗ ಆಗುವ ಸದ್ದು ಕೂಡ ಒಂದೇ. ಮೂತಿ ಬೇರೆ, ಮೂತಿಯ ಮೇಲಿನ ಗುರುತು ಬೇರೆ. ಹೊಸಕೋಟೆಯ ಷೋರೂಮಿನವನು ನಮ್ಮಿಬ್ಬರ ಮುಖ ನೋಡಿ, "ಅಕ್ಕ ತಂಗೀರು ತಾನೆ ಮೇಡಂ? ಈ ಗಾಡಿಗಳೂ ಹಂಗೇಯ. ಅಚ್ಚು ಒಂದೇ, ಮೇಕಪ್ಪು ಬೇರೆ ಅಷ್ಟೆ" ಎಂದಾಗ ನಾವು ಎಷ್ಟು ನಕ್ಕೆವು. ಮೇಕಪ್ಪು ಯಾರದು ಜಾಸ್ತಿ ಎಂದು ದಾರಿಯುದ್ದಕ್ಕೂ ನಾನು ನಿನ್ನನ್ನು ಕಾಡಿದೆ. ನೀನೂ ನಗುತ್ತಲೇ ಇದ್ದೆ. ಆ ನಗು ಹೇಗೆ ಬಂತೇ ನಿನಗೆ?

ನನಗೆ ಬೂದು ಗಾಡಿಯೇ ಹಿಡಿಸಿತ್ತು. ಅದರ ಹಿಂದಿನ ಕಿಟಕಿ ದೊಡ್ಡದು, ಗಾಳಿ ಚೆನ್ನಾಗಿ ಬರುತ್ತದೆ. ನಮ್ಮ ಕೀರ್ತನಳಿಗೆ ಮುಚ್ಚಿದ ಗಾಡಿ ಆಗದು ಎನ್ನುವುದು ಹೆತ್ತ ತಾಯಿ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ವಾಂತಿ ಆಗುತ್ತಿದ್ದದ್ದು ನನ್ನ ಮಡಿಲಲ್ಲಿ ತಾನೆ. ಕೆಂಪು ಗಾಡಿಯಲ್ಲಿ ಒಂದು ಸುತ್ತು ಹೋಗಿ ಬರುವಷ್ಟರಲ್ಲೇ ಮಗು "ದೊಡ್ಡಮ್ಮ, ಹೊಟ್ಟೆ ತೊಳಸ್ತೈತೆ" ಎಂದು ನನಗೆ ಒರಗಿತು. ಅತ್ತೆಗೂ ಬೂದು ಗಾಡಿಗೆ ಹತ್ತುವುದು ಸುಲಭವಾಗುತ್ತಿತ್ತು. ಆದರೆ ನೀನು ಕೆಂಪಿನದೇ ಬೇಕೆಂದು ಪಟ್ಟು ಹಿಡಿದೆ. ಮೇಲೆ ಕಿಟಕಿ ತೆಗೆದುಕೊಳ್ಳುತ್ತದೆ ಎಂದೆ, ಸ್ಕ್ರೀನು ದೊಡ್ಡದು ಎಂದೆ. ಬೇಸ್‌ಮೆಂಟಿನಲ್ಲಿ ರಿವರ್ಸ್ ತೆಗೆಯುವಾಗ ಕ್ಯಾಮೆರಾದಲ್ಲಿ ಕಂಬ ಸರಿಯಾಗಿ ಕಾಣುತ್ತದಾ ಎಂದು ಷೋರೂಮಿನವನನ್ನು ಕೇಳಿದೆ. ನನಗೆ ನಗು. ನಮ್ಮ ಅಂಗಳದಲ್ಲಿ ಟ್ರೇಲರ್ ಸಮೇತ ಟ್ರಾಕ್ಟರ್ ತಿರುಗುತ್ತದೆ, ಇವಳಿಗೆ ಯಾವ ಬೇಸ್‌ಮೆಂಟು ಎಂದುಕೊಂಡೆ.

ಅವನು ಇನ್ನೊಂದು ಕೇಳಿದ, ದಿನಾ ಎಷ್ಟು ಜನ ಓಡಾಡುತ್ತೀರಿ ಅಂತ. ನಾನು ಬಾಯಿ ತೆಗೆಯುವ ಮೊದಲೇ ನೀನು, "ಮೂರೇ ಜನ" ಎಂದೆ. ನಾನು ತಲೆಯಾಡಿಸಿದೆ. ನೀನು, ನಾನು, ಕೀರ್ತನ. ಹೌದಲ್ಲ, ಸರಿಯಾಗೇ ಹೇಳಿದಳು ಎಂದುಕೊಂಡೆ. ನೀನು ಎಣಿಸಿದ ಆ ಮೂರರಲ್ಲಿ ನಾನಿರಲಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಈಗ ಸೊಪ್ಪು ಕತ್ತರಿಸುವಾಗ, ಹಾಲು ಕರೆಯುವಾಗ, ಎಲ್ಲೆಂದರಲ್ಲಿ ಅದೇ ಮಾತು ನೆನಪಾಗಿ ಕೈ ನಿಂತುಬಿಡುತ್ತದೆ.

ಮನೆಯಲ್ಲಿ ಅಣ್ಣ ತಮ್ಮಂದಿರ ನಡುವೆ ಮಾತು ಬೆಳೆಯಿತು. ನಿಮ್ಮ ಭಾವ ಬೂದು ಎಂದರು, ಗುರು ಕೆಂಪು ಎಂದ. ಜೊತೆಯಲ್ಲಿ ಉಣ್ಣುವುದನ್ನೂ ಬಿಟ್ಟರು. ನನಗೆ ಹೆದರಿಕೆಯಾಯಿತು ವಾಣಿ. ಎರಡು ತಗಡಿನ ಡಬ್ಬಿಗಾಗಿ ಮನೆ ಒಡೆಯಬಾರದು ಎಂದು ನಾನೇ ಇವರ ಹತ್ತಿರ ಹೋಗಿ, ನನಗೂ ಕೆಂಪೇ ಇಷ್ಟ ಎಂದೆ. ಇವರು ನನ್ನ ಮುಖವನ್ನೇ ನೋಡಿ, "ಸುಳ್ಳು ಹೇಳ್ತಾ ಇದೀಯ" ಎಂದರು. "ಯಾವುದಾದ್ರೇನು, ಎರಡೂ ಒಂದೇ ಅಲ್ವಾ?" ಎಂದೆ. ಗುರುವಿನ ಹೆಸರಿಗೇ ಮಾಡಿಸಿ, ಯಾರ ಹೆಸರಿದ್ದರೇನು, ಮನೆಯ ಗಾಡಿ ತಾನೆ ಎಂದವಳೂ ನಾನೇ. ನೀನು ಹುಳದ ಮನೆಗೆ ಓಡಿಬಂದು, ಕೈಯಲ್ಲಿದ್ದ ಸೊಪ್ಪಿನ ಸಮೇತ ನನ್ನನ್ನು ತಬ್ಬಿಕೊಂಡು, ನಿನ್ನಂಥ ಅಕ್ಕ ಯಾರಿಗೂ ಸಿಗಲ್ಲ ಎಂದು ಅತ್ತುಬಿಟ್ಟೆ. ಕೆಂಪು ಕಾರು ಸಿಕ್ಕಿದ್ದಕ್ಕೆ ಇಷ್ಟೊಂದಾ ಎಂದು ನಾನು ನಿನ್ನ ಕಣ್ಣೊರೆಸಿದೆ.

ನೀವು ಈಗಿರುವ ಫ್ಲಾಟಿಗೆ ಗೌರಿಹಬ್ಬದ ಹೊತ್ತಿಗೇ, ಕಾರಿನ ಮಾತು ಬರುವ ಮೊದಲೇ, ಮುಂಗಡ ಕೊಟ್ಟಾಗಿತ್ತಂತೆ. ಮನೆ ಬಿಡುವ ದಿನ ಗುರು ಅಣ್ಣನ ಮುಂದೆ ತಲೆ ತಗ್ಗಿಸಿಕೊಂಡು ಒಪ್ಪಿದ. ಅಂದರೆ ನಾವಿಬ್ಬರೂ ಷೋರೂಮು ಸುತ್ತುವಾಗ, ಸೀಟು ಒತ್ತಿ ಒತ್ತಿ ನೋಡುವಾಗ, ಯಾರು ಕಿಟಕಿ ಪಕ್ಕ ಕೂರಬೇಕೆಂದು ಜಗಳ ಆಡುವಾಗ, ನಿನಗೆ ಎಲ್ಲ ಗೊತ್ತಿತ್ತು.

ಕಾರು ಮನೆಗೆ ಬಂದ ಶುಕ್ರವಾರ ಹಿರಿಸೊಸೆ ಎಂದು ಪೂಜೆ ನನ್ನ ಕೈಯಲ್ಲೇ ಮಾಡಿಸಿದಿರಿ. ಅರಿಶಿನ ಕುಂಕುಮ ಇಟ್ಟೆ, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ, ಆರತಿ ಎತ್ತಿದೆ, ಯಾರ ಕಣ್ಣೂ ಬೀಳದಿರಲಿ ಎಂದು ಬೂದುಗುಂಬಳ ಇಳಿದೆಗೆದು ಒಡೆದೆ. ಹೊಸ ಗಾಡಿಯ ಮೊದಲ ಸವಾರಿ ಮನೆದೇವರಿಗೆ, ಮನೆಮಂದಿಯೆಲ್ಲ ಹೋಗುವುದು ನಮ್ಮಲ್ಲಿ ಪದ್ಧತಿ. ನಾನು ಸೀರೆ ಉಟ್ಟು ತಯಾರಾಗಿದ್ದೆ. ನೀನು ಒಳಗೆ ಬಂದು, "ಅಕ್ಕಾ, ಗುರೂದು ಒಂದು ಹರಕೆ ಐತೆ, ಮೊದಲ್ನೇ ಸಲ ಗಂಡ ಹೆಂಡ್ತಿ ಮಗು ಮಾತ್ರ ಹೋಗ್ಬೇಕಂತೆ" ಎಂದೆ. ದೇವರ ಹರಕೆ ಎಂದಮೇಲೆ ನಾನೇನು ಹೇಳಲಿ? ತೆಂಗಿನಕಾಯಿ, ಬಾಳೆಹಣ್ಣು, ಕೀರ್ತನಳಿಗೆ ಒಂದು ಜೊತೆ ಬಟ್ಟೆ, ವಾಂತಿಗೆ ಕವರು, ಎಲ್ಲ ಬ್ಯಾಗಿಗೆ ತುಂಬಿ ಕೊಟ್ಟೆ. ಸಂಜೆ ವಾಪಸು ಬಂದು ನನ್ನ ಹಣೆಗೆ ಕುಂಕುಮ ಇಟ್ಟೆ, ಒಂದು ಬಾಳೆಹಣ್ಣು ಕೈಗೆ ಕೊಟ್ಟೆ, ಪ್ರಸಾದ ಎಂದೆ. ಕಣ್ಣಿಗೊತ್ತಿಕೊಂಡು ತಿಂದೆ.

ಅದು ಯಾವ ದೇವರ ಪ್ರಸಾದ ವಾಣಿ?

ಎರಡು ದಿನ ಬಿಟ್ಟು ಡೇರಿಗೆ ಹಾಲು ಹಾಕಲು ಹೋದಾಗ ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಎಲ್ಲರ ಮುಂದೆ ಕೇಳಿದಳು. ಅವಳ ಮಗಳು ದೇವನಹಳ್ಳಿಯಲ್ಲಿ ಅದೇ ಫ್ಲಾಟುಗಳಲ್ಲಿದ್ದಾಳೆ, ನಿನಗೆ ಗೊತ್ತಿರಲಿಲ್ಲವೇನೋ. "ನಿನ್ ತಂಗಿ ಶುಕ್ರವಾರ ಹೊಸ ಮನೇಲಿ ಹಾಲುಕ್ಕಿಸಿದ್ಲಂತೆ, ಒಡಹುಟ್ಟಿದೋಳು ನೀನ್ಯಾಕಮ್ಮಿ ಹೋಗ್ಲಿಲ್ಲ?" ಎಂದಳು. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ ಏನು ಬಂತು ಗೊತ್ತಾ? ಹುಳಕ್ಕೆ ಸೊಪ್ಪು ಹಾಕುವವರು ಇರಲಿಲ್ಲ, ಅದಕ್ಕೇ ನಾನು ಉಳಿದುಕೊಂಡೆ ಎಂದೆ. ನೀನು ನನ್ನನ್ನು ಬಿಟ್ಟೆ, ನಾನು ಆಗಲೂ ನಿನ್ನ ಮಾನ ಬಿಡಲಿಲ್ಲ. ಮನೆಗೆ ಬಂದು ಹಾಲಿನ ಕ್ಯಾನು ತೊಳೆಯುತ್ತಾ ಕೂತಲ್ಲೇ ಅತ್ತೆ.

ಬೇರೆ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಮಗಳ ಸ್ಕೂಲು ಹತ್ತಿರವಾಗುತ್ತದೆ, ನಿನಗೂ ಹುಳದ ವಾಸನೆ ಸಾಕಾಗಿತ್ತು. ಬಾಯಿಬಿಟ್ಟು ಹೇಳಿದ್ದರೆ ನಾನೇ ಪಾತ್ರೆ ಜೋಡಿಸಿ, ಉಪ್ಪಿನಕಾಯಿ ಜಾಡಿ ಕಟ್ಟಿಕೊಟ್ಟು, ಹಾಲುಕ್ಕಿಸಿ ಬರುತ್ತಿದ್ದೆ. ನಿಮ್ಮ ಭಾವ ಕೂಗಾಡಿದರೆ ಅದನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಹೋಗುವವಳು ಹೋಗುವ ಗಾಡಿಯನ್ನು ನಾನೇ ಆರಿಸುವ ಹಾಗೆ ಮಾಡಿ, ನನ್ನ ಗಂಡನನ್ನು ನನ್ನಿಂದಲೇ ಒಪ್ಪಿಸಿ, ನನ್ನ ಕೈಯಲ್ಲೇ ಆರತಿ ಎತ್ತಿಸಿಕೊಂಡು ಹೋದೆಯಲ್ಲ, ಅದು ನನಗೆ ನುಂಗಲಾಗುತ್ತಿಲ್ಲ. ಹೊರಗಿನವರು ಮೋಸ ಮಾಡಿದ್ದರೆ ನಿನ್ನ ಹತ್ತಿರ ಬಂದು ಹೇಳಿಕೊಂಡು ಅಳುತ್ತಿದ್ದೆ. ನಂಬಿಸಿ ಕುತ್ತಿಗೆ ಕೊಯ್ದವಳು ನೀನೇ ಆದಮೇಲೆ ಯಾರ ಹತ್ತಿರ ಹೋಗಲಿ? ದೊಡ್ಡಬೆಳವಂಗಲಕ್ಕೆ ಹೋಗಿ ಅಮ್ಮನ ಮುಂದೆ ಕೂರೋಣ ಅನ್ನಿಸಿತು. ಅಮ್ಮನಿಗೂ ಮೊದಲೇ ಗೊತ್ತಿದ್ದರೆ ಎಂದು ಹೆದರಿ ಹೋಗಲಿಲ್ಲ.

ಪೂಜೆಗೆ ನಾನು ಬರುವುದಿಲ್ಲ. ಇವರೂ ಬರುವುದಿಲ್ಲ. ಅತ್ತೆ ಬಂದರೆ ಬರಲಿ, ಹತ್ತಿಸುವಾಗ ಕೈಹಿಡಿದುಕೊಳ್ಳಿ, ಆ ಗಾಡಿ ಅವರಿಗೆ ಎತ್ತರ.

ನನ್ನದು ಒಂದೇ ಬೇಡಿಕೆ. ಪೂಜೆ ಮುಗಿದ ಮುಂದಿನ ವಾರದಿಂದ ಪ್ರತಿ ಶನಿವಾರ ಸ್ಕೂಲು ಬಿಟ್ಟಮೇಲೆ ಕೀರ್ತನಳನ್ನು ಇಲ್ಲಿಗೆ ಕಳಿಸು. ಕಾರಿನಲ್ಲಿ ತಂದು ಬಿಡಬೇಕಾಗಿಲ್ಲ, ನಾನೇ ಬಸ್ಸಿನಲ್ಲಿ ಬಂದು ಗೇಟಿನ ಹತ್ತಿರ ನಿಂತಿರುತ್ತೇನೆ. ಭಾನುವಾರ ಸಂಜೆ ಮತ್ತೆ ತಂದು ಬಿಡುತ್ತೇನೆ. ನೀನು ಕೆಳಗೆ ಇಳಿದು ಬರುವುದೂ ಬೇಡ. ಹುಟ್ಟಿದ ಹತ್ತನೇ ದಿನದಿಂದ ನಾನು ನೀರು ಹಾಕಿದ ಮಗು ಅದು. ಮೊನ್ನೆಯವರೆಗೂ ನನ್ನ ಸೆರಗು ಹಿಡಿದುಕೊಂಡೇ ಮಲಗಿದೆ. ಈ ಮನೆಯಲ್ಲಿ ನನ್ನನ್ನು ಯಾರೂ ಮಕ್ಕಳಿಲ್ಲದವಳು ಎನ್ನಲಿಲ್ಲವೆಂದರೆ ಅದು ಇವಳಿದ್ದದ್ದರಿಂದ. ಬೇಕಾದರೆ ಹೊಲದ ಪಾಲು ತೆಗೆದುಕೊಳ್ಳಿ, ಹಸು ಹೊಡೆದುಕೊಂಡು ಹೋಗಿ, ನಾನು ತುಟಿ ಎರಡು ಮಾಡುವುದಿಲ್ಲ. ನನಗೆ ವಾರಕ್ಕೊಂದು ದಿನ ಆ ಮಗು ಬೇಕು.

ನಿಮ್ಮ ಈ ನಾಟಕದಲ್ಲಿ ಅವಳಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಹಲ್ಲು ಅಲ್ಲಾಡಿದರೂ ಮೊದಲು ನನ್ನ ಹತ್ತಿರ ಓಡಿಬಂದು ಹೇಳುವವಳು, ಇಷ್ಟು ದೊಡ್ಡದನ್ನು ಮುಚ್ಚಿಡುತ್ತಿದ್ದಳಾ? ಅದೊಂದು ಸಮಾಧಾನದಿಂದ ನಾನು ಇನ್ನೂ ಎದ್ದು ಓಡಾಡುತ್ತಿದ್ದೇನೆ.

ಏನು ಮಾಡಿದರೂ ನಿನಗೆ ಅಕ್ಕನೇ ಆಗಿ ಉಳಿಯಬೇಕಾದ,
ಪ್ರಮೋದಾ

ಮರೆತ ಮಾತು: ಕಾಗದ ಮಡಿಸಿ ಇಟ್ಟಮೇಲೆ ಮನಸ್ಸು ತಡೆಯದೆ ಗುರುವಿನ ಫೋನಿಗೆ ಮಾಡಿದೆ. ಕೀರ್ತನಳೇ ಎತ್ತಿದಳು. ಊಟ ಆಯಿತು ಎಂದಳು, ಹೊಸ ಮನೆಯಲ್ಲಿ ಲಿಫ್ಟ್ ಇದೆ ಎಂದಳು. ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. ಆ ಮನೆಗೆ ಹೋಗುವುದು ನಿನಗೆ ಮೊದಲೇ ಗೊತ್ತಿತ್ತಾ ಪುಟ್ಟಿ ಎಂದೆ. ಅವಳನ್ನು ಬೈಯಬೇಡ, ಅವಳು ಏನನ್ನೂ ಹೇಳಲಿಲ್ಲ. ಮೆಲ್ಲಗೆ ಇಷ್ಟೇ ಕೇಳಿದಳು, "ಅಮ್ಮನ್ನ ಕೇಳ್ಕೊಂಡು ಹೇಳ್ಲಾ ದೊಡ್ಡಮ್ಮ?"