ಪಟ್ಟಿಯಲ್ಲಿ ರಜೆ, ಜೀಪಿನಲ್ಲಿ ಪೀರ್‌ಸಾಬ್

ಸಿಂಧನೂರು
12 ಫೆಬ್ರುವರಿ 2025, ಬುಧವಾರ

ಪ್ರೀತಿಯ ಸೊಸೆ ಭಾರತಿಗೆ,

ನಿನ್ನ ಅತ್ತೆ ಯಮನಮ್ಮ ಮಾಡುವ ಆಶೀರ್ವಾದಗಳು. ಹೇಗಿದ್ದೀಯಮ್ಮ? ಬೆನ್ನುನೋವು ಕಡಿಮೆಯಾಯಿತೇ? ಬೂಟು ಹಾಕಿ ಹಾಕಿ ಹಿಮ್ಮಡಿ ಒಡೆದಿದೆ ಎಂದಿದ್ದಿ. ಕೊಬ್ಬರಿ ಎಣ್ಣೆಗೆ ಚಿಟಿಕೆ ಅರಿಶಿನ ಕಲಸಿ ಹಚ್ಚು, ಅಂಗಡಿಯ ಮುಲಾಮಿಗೆ ದುಡ್ಡು ಸುರಿಯಬೇಡ. ರೊಟ್ಟಿ ಮಾಡಿಕೊಳ್ಳುತ್ತೀಯೋ, ಇಲ್ಲ ಮೂರು ಹೊತ್ತೂ ಆ ಕ್ಯಾಂಟೀನಿನ ಚಿತ್ರಾನ್ನವೋ? ನಿನ್ನ ಕೈಯ ರೊಟ್ಟಿ ನಕಾಶೆಯ ಆಕಾರಕ್ಕೆ ಬರುತ್ತವೆ, ಗೊತ್ತು. ಆದರೂ ಹೊಟ್ಟೆಗೆ ರೊಟ್ಟಿಯೇ ಮೇಲು. ನಾವಿಲ್ಲಿ ಎಲ್ಲರೂ ಕ್ಷೇಮ. ನಿನ್ನ ಮಗಳು ಅಂಬಿಕಾಳ ಮುಂದಿನ ಎರಡು ಹಲ್ಲು ಬಿದ್ದಿವೆ. ಈಗ ಅವಳು ಮಾತಾಡಿದರೆ ಅರ್ಧ ಮಾತು, ಅರ್ಧ ಗಾಳಿ. ನಿನ್ನ ಗಂಡ ದುರುಗೇಶ ದಿನಾ ಸಾಲಗುಂದದ ಶಾಲೆಗೆ ಪಾಠ ಮಾಡಲು ಹೋಗಿ ಬರುತ್ತಾನೆ. ಎರಡನೇ ಬೆಳೆಗೆ ಕಾಲುವೆ ನೀರು ಬಂದು ಊರ ಸುತ್ತ ಹಸಿರೋ ಹಸಿರು, ಅದರ ಜೊತೆ ಸೊಳ್ಳೆಗಳೂ ಬಂದಿವೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ, ಈ ಮುದುಕಿಗೆ ಪತ್ರ ಬರೆಯುವ ಹುಚ್ಚು ಯಾಕೆ ಎಂದು ನೀನು ನಗಬಹುದು. ಫೋನಿನಲ್ಲಿ ನೀನು ನನಗೆ ಮಾತಾಡಲು ಎಲ್ಲಿ ಬಿಡುತ್ತೀ? ‘ಹೂಂನ್ರಿ ಅತ್ತಿ, ಆಮ್ಯಾಲ ಮಾಡ್ತೀನ್ರಿ, ಸಾಹೇಬ್ರು ಕರ್ಯಾಕತ್ತಾರ’ ಎಂದು ಇಟ್ಟುಬಿಡುತ್ತೀ. ಪತ್ರಕ್ಕೆ ಒಂದು ಗುಣವಿದೆ, ಓದುವವರು ನಡುವೆ ಬಾಯಿ ಹಾಕುವಂತಿಲ್ಲ. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು ನಾನು. ನಡುವೆ ಬಾಯಿ ಹಾಕುವವರನ್ನು ಮೂಲೆಯಲ್ಲಿ ಕೂರಿಸಿ ಅಭ್ಯಾಸ.

ನೀನು ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ನಾನು ಕೌದಿಯ ಹಾಗೆ ಜೋಡಿಸಿಕೊಂಡಿದ್ದೇನೆ. ತಪ್ಪಿದ್ದರೆ ತಿದ್ದು. ನಿನ್ನ ಆ ಶಹರದ ಠಾಣೆಯಲ್ಲಿ ಯಾರಿಗೆ ಯಾವ ದಿನ ಯಾವ ಕೆಲಸ ಎಂಬ ಪಟ್ಟಿ ಬರೆಯುವವಳು ನೀನು. ಪೊಲೀಸರಿಗೂ ವಾರಕ್ಕೊಂದು ರಜೆ ಕೊಡಬೇಕೆಂದು ಮೇಲಿನವರ ಹುಕುಂ. ರಜೆಯ ದಿನ ದುಡಿಸಿಕೊಂಡರೆ ಅದಕ್ಕೆ ಬೇರೆ ಭತ್ಯೆ ಕೊಡಬೇಕು, ಯಾಕೆ ದುಡಿಸಿದಿರಿ ಎಂದರೆ ಉತ್ತರವನ್ನೂ ಹೇಳಬೇಕು. ಅದಕ್ಕೇ ನಿಮ್ಮ ದೊಡ್ಡ ಸಾಹೇಬರು ಸುಲಭದ ದಾರಿ ಹುಡುಕಿಕೊಂಡಿದ್ದರು. ದುಡಿಸುವುದನ್ನು ದುಡಿಸುವುದು, ಪಟ್ಟಿಯಲ್ಲಿ ಮಾತ್ರ ‘ರಜೆ’ ಎಂದು ಬರೆಸುವುದು. ನೀನೂ ಎರಡು ವರ್ಷ ಹಾಗೇ ಬರೆದಿ. ಡಿಸೆಂಬರಿನಲ್ಲಿ ಜೀಪಿನ ಡ್ರೈವರ್ ಪೀರ್‌ಸಾಬ್ ಮೂರು ದಿನ ಬಂದೋಬಸ್ತಿನಲ್ಲಿ ಸರಿಯಾಗಿ ಕಣ್ಣು ಮುಚ್ಚದೆ ದುಡಿದ. ನಾಲ್ಕನೇ ದಿನ ಪಟ್ಟಿಯಲ್ಲಿ ಅವನಿಗೆ ರಜೆ, ಆದರೆ ಅವನು ಇದ್ದದ್ದು ಜೀಪಿನಲ್ಲಿ. ಮಧ್ಯಾಹ್ನ ತೂಕಡಿಸಿದ, ಜೀಪು ಸೇತುವೆಯ ಕಟ್ಟೆಗೆ ಬಡಿದು ಬಲಗಾಲು ಎರಡು ಕಡೆ ಮುರಿಯಿತು. ಮರುದಿನ ಪಟ್ಟಿ ತೆಗೆದು ನೋಡಿದರೆ ಅವನು ಕೆಲಸದ ಮೇಲೇ ಇಲ್ಲ! ರಜೆಯಲ್ಲಿದ್ದವನು ಸರಕಾರದ ಜೀಪನ್ನು ಹೇಳದೆ ಕೇಳದೆ ಒಯ್ದ ಎಂದು ಅವನನ್ನೇ ಸಸ್ಪೆಂಡ್ ಮಾಡಿದರು. ಆಗ ನೀನು, ಯಾರೂ ಕೇಳದೆ ಇದ್ದಾಗಲೇ, ಮೇಲಿನ ಕಚೇರಿಗೆ ಬರೆದು ಕೊಟ್ಟಿ: ‘ಆ ದಿನ ಪೀರ್‌ಸಾಬ್ ಕೆಲಸದ ಮೇಲಿದ್ದರು. ರಜೆ ಎಂದು ಸುಳ್ಳು ಬರೆದವಳು ನಾನು. ಬಾಯಿಮಾತಿನ ಆದೇಶದ ಮೇಲೆ ಬರೆದೆ.’ ಈಗ ಸೋಮವಾರ ನಿನ್ನ ವಿಚಾರಣೆ. ಅಲ್ಲಿ ಅದೇ ಮಾತಿಗೆ ನಿಂತರೆ ಹೆಡ್ ಕಾನ್‌ಸ್ಟೆಬಲ್ ಆಗುವವರ ಯಾದಿಯಿಂದ ನಿನ್ನ ಹೆಸರು ಹೋಗಬಹುದು, ಕೆಲಸಕ್ಕೇ ಕುತ್ತು ಬರಬಹುದು. ಮಾತು ತಿರುಗಿಸಿದರೆ ಪೀರ್‌ಸಾಬನ ಕೆಲಸ ಹೋಗುತ್ತದೆ. ಇಷ್ಟೇ ಅಲ್ಲವೇ ವಿಷಯ?

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳಲ್ಲ ನಾನು. ನೀನು ಸೊಸೆಯೆಂದು ನಿನ್ನ ಮಾತನ್ನೇನೂ ಸುಮ್ಮನೆ ನಂಬಲಿಲ್ಲ. ಕಳೆದ ಶನಿವಾರ ಮಸ್ಕಿ, ಲಿಂಗಸುಗೂರು ದಾಟಿ ಮುದಗಲ್ಲಿಗೆ ಹೋದೆ. ಬಸ್ಸಿನಲ್ಲಿ ಲಿಂಗಸುಗೂರಿನವರೆಗೂ ನಿಂತೇ ಇದ್ದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಸೀಟು ಮಾತ್ರ ದೇವರು ಕೊಟ್ಟರೆ. ಕೋಟೆಯ ಒಳಗಿನ ಓಣಿಯಲ್ಲಿ ಪೀರ್‌ಸಾಬನ ಮನೆ ಕೇಳಿಕೊಂಡು ಹೋದೆ. ಮನುಷ್ಯ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಾನೆ, ಕಾಲಿನೊಳಗೆ ರಾಡು ಹಾಕಿದ್ದಾರೆ. ಅವನ ಹೆಂಡತಿ ಅರ್ಜುಮಂದ್ ನಾನು ಯಾರೆಂದು ಹೇಳಿದ್ದೇ ತಡ, ನನ್ನ ಎರಡೂ ಕೈ ಹಿಡಿದು ಅಲ್ಲೇ ಕುಸಿದಳು. ಪೀರ್‌ಸಾಬ್ ಮಾತ್ರ ಅಳಲಿಲ್ಲ. ‘ಕಾಲು ಮುರದದ್ದಕ್ಕ ಬ್ಯಾಸರಿಲ್ಲರೀ ಅಮ್ಮಾ. ಜೀಪು ಕದ್ಕೊಂಡು ಹೋದಾಂವ ಅಂತ ಬರದಾರಲ್ಲ, ಅದು ಎದಿಯಾಗ ಕುಂತೈತಿ. ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡದೀನಿ, ಒಂದು ದಿನ ನನ್ನ ಹೆಂಡತೀನ್ನೂ ಆ ಜೀಪಿನ್ಯಾಗ ಕುಂದ್ರಿಸಿಲ್ಲ’ ಅಂದ. ನಿನ್ನ ಬಗ್ಗೆ ಏನೆಂದ ಗೊತ್ತೇ? ‘ಠಾಣ್ಯಾಗ ನಲವತ್ತು ಮಂದಿ ನೋಡ್ಯಾರ್ರೀ ನಾ ಜೀಪು ತಗೊಂಡು ಹೋಗಿದ್ದು. ಬಾಯಿ ಬಿಟ್ಟಾಕಿ ನಿಮ್ಮ ಸೊಸಿ ಒಬ್ಬಾಕಿ.’ ವಾಪಸು ಬರುವಾಗ ಸೀಟು ಸಿಕ್ಕಿತು. ಮಸ್ಕಿ ಬರುವವರೆಗೆ ಕಿಟಕಿಗೆ ಮುಖ ಮಾಡಿ ಅತ್ತೆ. ದುಃಖಕ್ಕಲ್ಲ, ಹೆಮ್ಮೆಗೆ. ಪಕ್ಕದಲ್ಲಿ ಕೂತವಳು ಯಾರದೋ ಮಣ್ಣಿಗೆ ಹೋಗಿ ಬಂದಿದ್ದೇನೆ ಎಂದುಕೊಂಡು ನನಗೆ ನೀರು ಕೊಟ್ಟಳು.

ಭಾನುವಾರ ಬೆಳಿಗ್ಗೆ ನಮ್ಮ ಮನೆಗೇ ಒಬ್ಬರು ಬಂದರು. ನಿಮ್ಮ ಠಾಣೆಯ ಎಎಸ್‌ಐ ಬಸ್ಸಪ್ಪ. ತನ್ನದೂ ಇದೇ ಸೀಮೆ, ಲಿಂಗಸುಗೂರಿನ ಕಡೆಯವನು, ಹಾದಿಯ ಮೇಲಿತ್ತು ಅದಕ್ಕೇ ಬಂದೆ ಎಂದ. ಹಾದಿಯ ಮೇಲೆ ಬರುವವರು ಒಂದು ಕಿಲೋ ಪೇಡೆ ಕಟ್ಟಿಸಿಕೊಂಡು ಬರುತ್ತಾರೆಯೇ? ಚಹಾ ಕೊಟ್ಟೆ. ಅರ್ಧ ತಾಸು ಅಂಬಿಕಾಳ ಹಲ್ಲಿನ ಬಗ್ಗೆ ಮಾತಾಡಿದ. ಆಮೇಲೆ ಮೆಲ್ಲಗೆ, ‘ಅಮ್ಮಾರ, ಸೊಸಿಗಿ ಎರಡು ಮಾತು ಬುದ್ಧಿ ಹೇಳ್ರಿ. ಕೆಲಸದ ಗದ್ದಲದಾಗ ಗೊಂದಲ ಆಗಿ ಆ ಅರ್ಜಿ ಬರದೀನಿ ಅಂದ್ರ ಮುಗೀತು. ಸಾಹೇಬ್ರು ದೊಡ್ಡ ಮನಸ್ಸಿನವ್ರು, ಯಾದ್ಯಾಗ ಹೆಸರು ಉಳೀತೈತಿ. ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗಿ ಒದ್ದರಂತ, ನಿಮಗ ಗೊತ್ತಿಲ್ಲದ್ದೇನ್ರಿ’ ಎಂದ. ಗೊತ್ತಿದೆ ಎಂದೆ. ‘ಒದೀಲಿ ಬಿಡಪ್ಪ. ನನ್ನ ಸೊಸಿ ಪೊಲೀಸಾಕಿ, ಒದಿಸಿಕೊಂಡು ಬೀಳಾಕಿ ಅಲ್ಲ. ಪೇಡೆ ನಿಮ್ಮ ಸಾಹೇಬ್ರಿಗೇ ಒಯ್ದು ಕೊಡು, ಅವ್ರಿಗೆ ಮುಂದ ಬಾಯಿ ಕಹಿ ಆಗೋದೈತಿ’ ಎಂದು ಪೊಟ್ಟಣವನ್ನು ಅವನ ಕೈಯಲ್ಲೇ ಇಟ್ಟೆ. ಅಂಬಿಕಾ ಆ ಪೊಟ್ಟಣ ಹೋದ ದಿಕ್ಕನ್ನೇ ಬಹಳ ಹೊತ್ತು ನೋಡುತ್ತಿದ್ದಳು ಪಾಪ. ಸಂಜೆ ಅವಳಿಗೆ ಶೇಂಗಾದ ಹೋಳಿಗೆ ಮಾಡಿಕೊಟ್ಟೆ.

ಈಗ ಒಂದು ಮಾತು ಹೇಳುತ್ತೇನೆ. ಇದನ್ನು ನಿನ್ನ ಮಾವ ಬದುಕಿದ್ದಾಗ ಅವರಿಗೂ ಹೇಳಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಆರನೇ ವರ್ಷ. ಪ್ರತಿ ತಿಂಗಳೂ ಮಕ್ಕಳ ತೂಕ ಮಾಡಿ ಪುಸ್ತಕದಲ್ಲಿ ಬರೆಯಬೇಕು. ತಕ್ಕಡಿ ಕೆಟ್ಟಿತ್ತು. ರಿಪೇರಿಗೆ ಬರೆದರೆ ಮೇಲ್ವಿಚಾರಕಿ, ‘ಹ್ವಾದ ತಿಂಗಳದ್ದಕ್ಕ ಪಾವು ಕಿಲೋ ಸೇರಿಸಿ ಬರಿಯವ್ವಾ, ಯಾರು ನೋಡಾಕ ಬರ್ತಾರ’ ಎಂದರು. ನಾಲ್ಕು ತಿಂಗಳು ಹಾಗೇ ಬರೆದೆ. ನಿಂಗರಾಜ ಎಂಬ ಕೂಸು ನನ್ನ ಪುಸ್ತಕದಲ್ಲಿ ತಿಂಗಳು ತಿಂಗಳು ಬೆಳೆಯುತ್ತಿತ್ತು, ತಾಯಿಯ ಮಡಿಲಲ್ಲಿ ಒಣಗುತ್ತಿತ್ತು. ಕೊನೆಗೆ ಅದನ್ನು ಲಿಂಗಸುಗೂರಿನ ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಡಾಕ್ಟರು ನನ್ನ ಪುಸ್ತಕ ನೋಡಿ, ಇಷ್ಟು ಚೆನ್ನಾಗಿದ್ದ ಕೂಸು ಹೀಗಾಗಬೇಕಾದರೆ ತಾಯಿಯೇ ಉಪವಾಸ ಕೆಡವಿದ್ದಾಳೆ ಎಂದು ಆ ಬಡವಿಯನ್ನು ಎಲ್ಲರೆದುರು ಬೈದರು. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಕೂಸು ಉಳಿಯಿತು, ಈಗ ದೊಡ್ಡವನಾಗಿ ಮಸ್ಕಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಆದರೆ ಅವನ ತಾಯಿ ಆ ಮಾತು ಹೊತ್ತುಕೊಂಡೇ ಸತ್ತಳು. ನಾನು ಒಂದು ಸಾಲು ಬರೆದು ಕೊಟ್ಟಿದ್ದರೆ ಅವಳ ತಲೆ ಮೇಲಿನ ಮಾತು ಇಳಿಯುತ್ತಿತ್ತು. ನನ್ನ ಕೆಲಸ ಹೋಗುತ್ತಿತ್ತು, ಅಷ್ಟೇ. ಆ ಒಂದು ಸಾಲು ಬರೆಯಲು ನನಗೆ ಧೈರ್ಯ ಸಾಲಲಿಲ್ಲ ಭಾರತಿ. ನಿನಗೆ ಸಾಲಿತು.

ನಿನ್ನನ್ನು ಪೊಲೀಸ್ ಕೆಲಸಕ್ಕೆ ತೆಗೆದುಕೊಂಡಾಗ ಎಲ್ಲರಿಗಿಂತ ಹೆಚ್ಚು ಮೂಗು ಮುರಿದವಳು ನಾನೇ. ‘ಸೊಸಿ ಖಾಕಿ ಹಾಕಿದ್ರ ಅತ್ತಿ ಎದ್ದು ಸೆಲ್ಯೂಟ್ ಹೊಡೀಬೇಕೇನು’ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ನೀನೂ ಅದನ್ನು ಮರೆತಿಲ್ಲ, ಕಳೆದ ಬುದ್ಧಪೂರ್ಣಿಮೆಗೆ ಬಂದಾಗ ಚುಚ್ಚಿದ್ದಿ. ಇರಲಿ, ಈಗ ಹೇಳುತ್ತೇನೆ, ನನ್ನ ಸೊಸೆ ಎಂದು ಹೇಳಿಕೊಳ್ಳಲು ನನಗೆ ಎದೆ ಉಬ್ಬುತ್ತದೆ. ನೀನು ತಪ್ಪೇ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಎರಡು ವರ್ಷ ಸುಳ್ಳು ಬರೆದದ್ದು ತಪ್ಪೇ, ಅದಕ್ಕೆ ಶಿಕ್ಷೆ ಬಂದರೆ ತೆಗೆದುಕೋ. ಆದರೆ ಮಾಡಿದ ತಪ್ಪಿಗೆ ತಾನಾಗಿ ಕೈ ಎತ್ತಿದವರನ್ನು ನಾನು ನನ್ನ ನೌಕರಿಯಲ್ಲಿ ಒಬ್ಬರನ್ನೂ ಕಾಣಲಿಲ್ಲ, ನನ್ನನ್ನೂ ಸೇರಿಸಿ. ಕೆಲಸ ಹೋದರೆ ಹೋಗಲಿ. ನನ್ನ ಕೈಕಾಲು ಗಟ್ಟಿ ಇವೆ, ನಿನ್ನ ಗಂಡನಿಗೆ ಸಂಬಳ ಇದೆ, ಜೋಳದ ಚೀಲ ತುಂಬಿದೆ.

ಪಾಮನಕಲ್ಲೂರಿನ ನನ್ನ ತಂಗಿ ಹಸಿ ಕಡಲೆ ಕಳಿಸಿದ್ದಳು, ನಿನ್ನ ಪಾಲನ್ನು ಒಣಗಿಸಿ ಇಟ್ಟಿದ್ದೇನೆ. ಅಂಬಿಕಾ ತನ್ನ ಬಿದ್ದ ಹಲ್ಲನ್ನು ಅವ್ವನಿಗೆ ಕಳಿಸು ಎಂದು ಹಟ ಮಾಡಿದಳು. ಸರಕಾರಿ ಟಪಾಲಿನಲ್ಲಿ ಹಲ್ಲು ಕಳಿಸಬಾರದು ಎಂದು ಹೆದರಿಸಿದ್ದೇನೆ. ಅರ್ಜುಮಂದ್ ಸಲಾಂ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣೀರಿನಲ್ಲಿ ತಲೆ ತೊಳೆಯಬೇಡ. ನಿನಗೆ ನೂರು ವರ್ಷ ಆಯುಷ್ಯ ಇರಲಿ, ನಿನ್ನ ನಾಲಿಗೆಗೆ ಅದಕ್ಕಿಂತ ಹೆಚ್ಚು ಬಲ ಇರಲಿ.

ಇಂತಿ ನಿನ್ನ ಒಳ್ಳೆಯದನ್ನೇ ಬಯಸುವ ಅತ್ತೆ,
ಯಮನಮ್ಮ

ಮ.ವಿ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ದುರುಗೇಶ ಶಾಲೆಯಿಂದ ಬಂದು ನನ್ನ ಮುಂದೆ ಕೂತು ಅತ್ತ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಭಾನುವಾರ ಆ ಬಸ್ಸಪ್ಪ ನಮ್ಮ ಮನೆಯಿಂದ ಎದ್ದವನು ಊರು ಬಿಟ್ಟು ಹೋಗಲಿಲ್ಲ. ದುರುಗೇಶನನ್ನು ಬಸ್ ಸ್ಟ್ಯಾಂಡಿಗೆ ಕರೆಸಿಕೊಂಡು, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾನೆ. ‘ನನ್ನ ಹೆಂಡತಿ ಆರು ತಿಂಗಳಿಂದ ಮನಸ್ಸಿನ ಕಾಯಿಲೆಯಲ್ಲಿದ್ದಾಳೆ, ಏನು ಬರೆಯುತ್ತಿದ್ದೇನೆಂಬ ಅರಿವು ಅವಳಿಗೆ ಇರಲಿಲ್ಲ’ ಎಂದು ಅದರಲ್ಲಿದೆಯಂತೆ. ಸೋಮವಾರ ಅದನ್ನು ನಿನ್ನ ಮುಂದೆ ಹಿಡಿಯುತ್ತಾರೆ. ನಿನ್ನ ಕೆಲಸ ಉಳಿಯಲೆಂದು ಮಾಡಿದೆ ಎನ್ನುತ್ತಾನೆ. ಹೆದರಿದ್ದಾನೆ, ಕೆಟ್ಟವನಲ್ಲ. ನೀನು ಬೈಯಬೇಡ, ಇಬ್ಬರ ಪಾಲಿನದೂ ನಾನೇ ಬೈದಿದ್ದೇನೆ. ನಾನು ಈಗಲೇ ಇನ್ನೊಂದು ಹಾಳೆ ಬರೆದೆ: ನನ್ನ ಸೊಸೆಗೆ ಯಾವ ಕಾಯಿಲೆಯೂ ಇಲ್ಲ, ನನ್ನ ಮಗ ಕೊಟ್ಟ ಕಾಗದ ಸುಳ್ಳು, ಹೇಳುತ್ತಿರುವವಳು ಅವನನ್ನು ಹೆತ್ತ ತಾಯಿ. ಕೆಳಗೆ ಸಹಿ ಮಾಡಿದ್ದೇನೆ. ಒಂದು ಪ್ರತಿ ಇದರೊಳಗಿದೆ, ಇನ್ನೊಂದು ನಾನೇ ತರುತ್ತೇನೆ, ಟಪಾಲನ್ನು ನಂಬುವುದಿಲ್ಲ. ದುರುಗೇಶನಿಗೆ, ಬರುವುದಾದರೆ ಬಾ, ಆದರೆ ವಿಚಾರಣೆಯ ಸಾಹೇಬರ ಮುಂದೆ ನಿನ್ನ ಬಾಯಿಂದಲೇ ಹೇಳಬೇಕು ಎಂದಿದ್ದೇನೆ. ಅವನು ಬಂದರೂ ಸರಿ, ಬಿಟ್ಟರೂ ಸರಿ, ಅಂಬಿಕಾಳನ್ನು ಕರೆದುಕೊಂಡು ನಾನು ಭಾನುವಾರದ ಬಸ್ಸು ಹತ್ತುತ್ತೇನೆ. ಸೋಮವಾರ ನಿನ್ನ ಹೆಸರು ಕರೆದಾಗ ಹಿಂದೆ ತಿರುಗಿ ನೋಡದೆ ಒಳಗೆ ಹೋಗು. ಬಾಗಿಲ ಹೊರಗಿನ ಬೆಂಚಿನ ಮೇಲೆ ನಾವಿರುತ್ತೇವೆ.